ಜರಿಗಿಡದ ಹೆಸರು, ಲೈಕೊಪೋಡಿಯಂನ ಸ್ವಭಾವ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ‘ಜರಿಗಿಡ ಸ್ವಭಾವದವರು’ ಲೇಖನದ ಬಗ್ಗೆ ಈ ಪತ್ರ. ಹೋಮಿಯೋಪತಿಯ ಸಸ್ಯ ಸಿದ್ಧಾಂತದಂತೆ ಜರಿಗಿಡದ ಔಷಧ ಒಪ್ಪುವ ಮನುಷ್ಯ ನೆರಳು ಹುಡುಕುತ್ತಾನೆ, ಗುಟ್ಟು ಬಿಡುವುದಿಲ್ಲ, ತನ್ನೊಳಗೇ ಸುರುಳಿ ಸುತ್ತಿಕೊಂಡಿರುತ್ತಾನೆ, ಒಂದು ಕಾಲಕ್ಕೆ ಬಾಳಿದ ದೊಡ್ಡ ಮನೆತನದ ಕುಗ್ಗಿದ ಕುಡಿಯಂತೆ ಒಳಗೆ ಅಳುಕು, ಹೊರಗೆ ಜಂಬ ಇಟ್ಟುಕೊಂಡಿರುತ್ತಾನೆ ಎಂದು ಲೇಖನ ಬಣ್ಣಿಸಿತ್ತು. ಓದಲು ಸೊಗಸಾಗಿತ್ತು. ಆದರೆ ಉದಾಹರಣೆಗೆ ಕೊಟ್ಟ ಔಷಧ ಲೈಕೊಪೋಡಿಯಂ. ಪಕ್ಕದಲ್ಲಿ ಅಚ್ಚಾದ ಚಿತ್ರ ನರ್ಸರಿಗಳಲ್ಲಿ ಕುಂಡಕ್ಕೆ ಹಾಕಿ ಮಾರುವ ನೆಫ್ರೊಲೆಪಿಸ್. ಲೈಕೊಪೋಡಿಯಂ ಜರಿಗಿಡವೇ ಅಲ್ಲ. ಹೆಸರಿನ ಸಣ್ಣ ಎಡವಟ್ಟೆಂದು ಇದನ್ನು ಬಿಟ್ಟುಬಿಡಬಹುದಿತ್ತು, ಆ ಒಂದು ಇಟ್ಟಿಗೆ ತೆಗೆದರೆ ಇಡೀ ಸ್ವಭಾವಚಿತ್ರ ಕುಸಿಯದೇ ಇದ್ದಿದ್ದರೆ.

ಎರಡೂ ಗಿಡಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ವ್ಯತ್ಯಾಸ ತಿಳಿಯಲು ನಿಮಿಷವೂ ಬೇಡ. ನೆಫ್ರೊಲೆಪಿಸ್‌ನ ಗರಿಯಂಥ ಎಲೆಯಲ್ಲಿ ನರಗಳು ಕವಲೊಡೆದು ಅಂಚಿನವರೆಗೆ ಹೋಗುತ್ತವೆ. ಬೆನ್ನಿನಲ್ಲಿ ಬೀಜಕದ (ಸಂತಾನ ಹರಡುವ ಪುಡಿಯಂಥ ಕಣದ) ಚೀಲಗಳು ಕಂದು ಚುಕ್ಕೆಗಳಾಗಿ ಸಾಲುಗಟ್ಟಿರುತ್ತವೆ. ಎಳೆಯ ಎಲೆ ಸುರುಳಿಯಾಗಿ ಹುಟ್ಟಿ ನಿಧಾನ ಬಿಚ್ಚಿಕೊಳ್ಳುತ್ತದೆ. ಲೈಕೊಪೋಡಿಯಂ ಕ್ಲಾವೇಟಂ ಎಂಬುದು ನೆಲದ ಮೇಲೆ ಹಗ್ಗದಂತೆ ಹರಿಯುವ ಗಿಡ. ಅದರ ಎಲೆ ಅರ್ಧ ಸೆಂಟಿಮೀಟರಿನ ಆಸುಪಾಸಿನ ಸೂಜಿಯಂಥದ್ದು, ನಡುವೆ ಒಂದೇ ನರ, ಸುರುಳಿ ಎಂಬುದು ಅದರ ಬಾಳಿನಲ್ಲೇ ಇಲ್ಲ. ಬೀಜಕ ತುಂಬಿದ ಚೀಲ ಎಲೆಯ ಕಂಕುಳಲ್ಲಿ ಕೂತಿರುತ್ತದೆ. ಅಂಥ ಎಲೆಗಳು ಒತ್ತಾಗಿ ಸೇರಿ ಕಡ್ಡಿಯ ತುದಿಯಲ್ಲಿ ಗದೆಯ ಆಕಾರ ತಾಳುತ್ತವೆ. ‘ಕ್ಲಾವೇಟಂ’ ಎಂಬ ಹೆಸರು ಬಂದದ್ದೇ ಆ ಗದೆಯಿಂದ. ಈಗ ಲೇಖನದ ಮನುಷ್ಯನನ್ನು ಮತ್ತೊಮ್ಮೆ ನೋಡಿ: ‘ಸುರುಳಿ ಸುತ್ತಿಕೊಂಡವನು’ ಎಂಬ ಮಾತು ಜರಿಗಿಡದಿಂದ ಬಂದಿದೆ, ‘ಒಳಗೆ ಅಳುಕು, ಹೊರಗೆ ಜಂಬ’ ಲೈಕೊಪೋಡಿಯಂನಿಂದ ಬಂದಿದೆ. ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಲಾಗಿದೆ.

ಹಳೆಯ ಪಠ್ಯಪುಸ್ತಕಗಳು ಹೂವಿಲ್ಲದ, ಬೀಜಕದಿಂದ ಹರಡುವ, ನಾಳಗಳುಳ್ಳ ಗಿಡಗಳನ್ನೆಲ್ಲ ‘ಟೆರಿಡೋಫೈಟ್’ ಎಂಬ ಒಂದೇ ಬುಟ್ಟಿಗೆ ಹಾಕುತ್ತಿದ್ದವು. ಗೊಂದಲದ ಬೇರು ಅಲ್ಲಿದೆ. 1992ರಲ್ಲಿ ಹರಿತ್ತಿನ ಕಣದ ಡಿಎನ್‌ಎ ಹೋಲಿಸಿದಾಗ ಒಂದು ವಿಷಯ ಗೊತ್ತಾಯಿತು. ಸುಮಾರು 30,000 ಅಕ್ಷರದಷ್ಟು ಉದ್ದದ ಒಂದು ತುಂಡು ಜರಿಗಿಡ, ಪೈನ್, ಮಾವು ಎಲ್ಲದರಲ್ಲೂ ಒಂದು ದಿಕ್ಕಿನಲ್ಲಿದೆ. ಲೈಕೊಪೋಡಿಯಂ ಬಳಗದಲ್ಲಿ ಮಾತ್ರ ತಿರುವುಮುರುವಾಗಿದೆ, ಹಾವಸೆಗಳಲ್ಲಿರುವಂತೆ. ಅಂದರೆ ಲೈಕೊಪೋಡಿಯಂ ಬಳಗ ಮೊದಲೇ ಮನೆ ಬಿಟ್ಟು ಹೋಯಿತು, ಉಳಿದವರೆಲ್ಲ ಆಮೇಲೆ ಬೇರೆಯಾದರು. ಈ ಅಗಲಿಕೆಗೆ ಸುಮಾರು 40 ಕೋಟಿ ವರ್ಷ. ಹಾಗಾಗಿ ಕುಂಡದಲ್ಲಿರುವ ಜರಿಗಿಡಕ್ಕೆ ಲೈಕೊಪೋಡಿಯಂಗಿಂತ ಹಿತ್ತಲಿನ ಮಾವಿನಮರ ಹತ್ತಿರದ ನೆಂಟ. 2001ರಲ್ಲಿ ಇನ್ನೊಂದು ಸೇರಿತು: ಹೋಮಿಯೋಪತಿಯಲ್ಲಿ ಮೂತ್ರಕೋಶದ ಔಷಧವೆಂದು ಹೆಸರಾದ ಈಕ್ವಿಸೀಟಂ, ಅಂದರೆ ಕುದುರೆಬಾಲದ ಗಿಡ, ಜರಿಗಿಡಗಳ ಬಳಗಕ್ಕೇ ಸೇರಿದ್ದು. ನೋಡಲು ಗಂಟುಗಂಟಿನ ಪುಟ್ಟ ಬಿದಿರಿನಂತಿದ್ದು ಎಲೆಯೇ ಕಾಣದ ಗಿಡ ಒಳಗೆ, ಜರಿಗಿಡದ ತಮ್ಮನಂತೆ ಕಂಡ ಲೈಕೊಪೋಡಿಯಂ ಹೊರಗೆ. ಈ ಗಿಡಗಳನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ತಂಡ 2016ರಲ್ಲಿ ಸುಮಾರು 12,000 ಪ್ರಭೇದಗಳನ್ನು 51 ಕುಟುಂಬಗಳಲ್ಲಿ ಜೋಡಿಸಿದಾಗ ಲೈಕೊಪೋಡಿಯಂ ಬಳಗಕ್ಕೆ 3 ಕುಟುಂಬ, ಜರಿಗಿಡಗಳಿಗೆ 48 ಕುಟುಂಬ ಎಂದು ಬೇರೆಯಾಗಿಯೇ ಇಟ್ಟಿತು.

ಇದು ಸಸ್ಯಶಾಸ್ತ್ರದವರ ಕಿರಿಕಿರಿ, ವೈದ್ಯರಿಗೇನು ಎಂದು ಕೇಳಬಹುದು. ಸಸ್ಯ ಸಿದ್ಧಾಂತ ನಿಂತಿರುವುದೇ ನೆಂಟಸ್ತಿಕೆಯ ಮೇಲೆ. ಮುಂಬೈನ ಹೋಮಿಯೋಪತಿ ವೈದ್ಯ ರಾಜನ್ ಶಂಕರನ್ ಒಂದು ಸಸ್ಯಕುಟುಂಬದ ಔಷಧಗಳಿಗೆಲ್ಲ ಸಮಾನವಾದ ಒಂದು ‘ಸಂವೇದನೆ’ ಇರುತ್ತದೆಂದು ಹೇಳಿದರು. ನೆದರ್ಲೆಂಡ್ಸ್‌ನ ಯಾನ್ ಸ್ಕೋಲ್ಟನ್ ಮೊದಲು ಆವರ್ತಕ ಕೋಷ್ಟಕದ ಸಾಲು-ಕಂಬಗಳಿಗೆ ಸ್ವಭಾವ ಹಚ್ಚಿದರು, ಆಮೇಲೆ ಡಿಎನ್‌ಎ ಆಧಾರದ ಸಸ್ಯ ವರ್ಗೀಕರಣಕ್ಕೂ ಅದೇ ಕ್ರಮ ತಂದರು. ಹತ್ತಿರದ ನೆಂಟರಿಗೆ ಹೋಲುವ ಸ್ವಭಾವ, ದೂರದವರಿಗೆ ಬೇರೆ ಸ್ವಭಾವ, ಇದು ಇವರ ಪ್ರಮೇಯ. ಒಪ್ಪದಿರಬಹುದು, ಆದರೆ ಪ್ರಮೇಯ ಸ್ಪಷ್ಟವಾಗಿದೆ, ಪರೀಕ್ಷೆಗೂ ಸಿಗುತ್ತದೆ. ಅದರ ಪ್ರಕಾರವೇ ಹೋದರೆ ಲೈಕೊಪೋಡಿಯಂನ ಲಕ್ಷಣವನ್ನು ಜರಿಗಿಡಕ್ಕೆ ಅಂಟಿಸುವುದು ಮಾವಿನ ಲಕ್ಷಣವನ್ನು ಅಂಟಿಸುವುದಕ್ಕಿಂತ ದೊಡ್ಡ ತಪ್ಪು.

ಇನ್ನು ‘ಕುಗ್ಗಿದ ದೊಡ್ಡ ಮನೆತನ’ದ ಕಥೆ. ಕಲ್ಲಿದ್ದಲ ಯುಗದಲ್ಲಿ 30 ಮೀಟರಿಗೂ ಎತ್ತರ ಬೆಳೆದ ಲೆಪಿಡೊಡೆಂಡ್ರಾನ್ ಮರಗಳು ಈಗ ಗೇಣುದ್ದದ ಲೈಕೊಪೋಡಿಯಂ ಆಗಿ ಇಳಿದುಬಂದಿವೆ, ಆದ್ದರಿಂದಲೇ ರೋಗಿಗೆ ಕಳೆದುಹೋದ ಹಿರಿಮೆಯ ಕೊರಗು, ಎಂಬ ವಿವರಣೆ ಸೆಮಿನಾರುಗಳಲ್ಲಿ ಸಾಮಾನ್ಯ. ಆ ದೈತ್ಯ ಮರಗಳಿಗೆ ಇಂದು ಉಳಿದಿರುವ ಅತಿ ಹತ್ತಿರದ ನೆಂಟ ಐಸೋಯಿಟಿಸ್ ಎಂಬ, ಕೆಸರಿನಲ್ಲಿ ಈರುಳ್ಳಿ ಸಸಿಯಂತೆ ನಿಲ್ಲುವ ಪುಟ್ಟ ಗಿಡ. ಲೈಕೊಪೋಡಿಯಂ ಕವಲು ಬೇರೆ, ಅದರ ಹಿರಿಯರು ಆ ಮರಗಳಲ್ಲ. ಜರಿಗಿಡಗಳಿಗಂತೂ ‘ಪುರಾತನ’ ಎಂಬ ಬಿರುದು ಅರ್ಧ ಸತ್ಯ. ವಂಶ ಹಳೆಯದು ಹೌದು. ಆದರೆ ಇಂದು ಕಣ್ಣಿಗೆ ಬೀಳುವ ಜರಿಗಿಡಗಳಲ್ಲಿ ಹೆಚ್ಚಿನವು ಹೂಬಿಡುವ ಮರಗಳ ಕಾಡು ಹಬ್ಬಿದ ಮೇಲೆ, ಅವುಗಳ ನೆರಳಿನಲ್ಲಿ ಕವಲೊಡೆದವು. ಆ ಮಂದ ಬೆಳಕಿಗೆ ಒಗ್ಗಲು ನೆರವಾಯಿತೆನ್ನುವ ಒಂದು ವಂಶವಾಹಿಯನ್ನು ಅವು ಹಾರ್ನ್‌ವರ್ಟ್ ಎಂಬ ಹಾವಸೆಯಂಥ ಸಸ್ಯದಿಂದ ಪಡೆದಿವೆ ಎಂದು 2014ರಲ್ಲಿ ತಿಳಿಯಿತು. ನೆರಳಿನ ಸ್ವಭಾವದಲ್ಲೂ ಒಂದು ಪಾಲು ಸಾಲದ್ದು!

ಜರಿಗಿಡವೆಲ್ಲ ನೆರಳಿನ ಸಂಕೋಚದ ಜೀವ ಎಂಬುದನ್ನು ಮಲೆನಾಡಿನಲ್ಲಿ ಓಡಾಡಿದವರು ಒಪ್ಪಲಾರರು. ಘಟ್ಟದ ರಸ್ತೆಗಾಗಿ ಕಡಿದ ಕೆಂಪು ಮಣ್ಣಿನ ಗೋಡೆಗೆ ಉರಿಬಿಸಿಲಿನಲ್ಲಿ ಮೊದಲು ಮುತ್ತಿಗೆ ಹಾಕುವುದು ಡೈಕ್ರಾನೊಪ್ಟೆರಿಸ್ ಎಂಬ ಜರಿಗಿಡ. ಅದರ ಪೊದೆಯೊಳಗೆ ಬೇರೆ ಸಸಿ ತಲೆ ಎತ್ತುವುದೇ ಕಷ್ಟ. ಬಯಲುಸೀಮೆಯ ಬಂಡೆ ಸಂದಿನಲ್ಲಿ ಬೇಸಿಗೆಗೆ ಮುದುಡಿ ಮಳೆಗೆ ಮತ್ತೆ ಹಸಿರಾಗುವ ಮಯೂರಶಿಖೆ ಜರಿಗಿಡ. ಹೈನುಗಾರರು ತೊಟ್ಟಿಯಲ್ಲಿ ಬೆಳೆದು ದನಕ್ಕೆ ಹಾಕುವ ಅಜೋಲಾ ಕೂಡ ಜರಿಗಿಡವೇ. ಸಾಲ್ವೀನಿಯಾ ಮೊಲೆಸ್ಟಾ ಎಂಬ ತೇಲುವ ಜರಿಗಿಡ ಕೆರೆ, ಕಾಲುವೆಗಳನ್ನು ಹೇಗೆ ಮುಚ್ಚಿತೆಂದರೆ ಅದನ್ನು ತಿನ್ನುವ ಸೊಂಡಿಲು ಹುಳವನ್ನು ಆಸ್ಟ್ರೇಲಿಯಾದಿಂದ ತರಿಸಬೇಕಾಯಿತು, 1980ರ ದಶಕದಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನ ಒಂದು ಕೊಳದಲ್ಲಿ. ಇವರೆಲ್ಲರಿಗೂ ಹೊಂದುವ ಒಂದು ‘ಸ್ವಭಾವ’ ಹೇಳಿ ನೋಡೋಣ.

‘ಗುಟ್ಟು ಬಿಡದವನು’ ಎಂಬುದು ಯುರೋಪಿನ ಹಳೆಯ ನಂಬಿಕೆಯ ಉಳಿಕೆ. ಜರಿಗಿಡಕ್ಕೆ ಹೂವಿಲ್ಲ, ಬೀಜ ಕಾಣದು, ಹಾಗಾದರೆ ಅದರ ಬೀಜ ಕಣ್ಣಿಗೆ ಕಾಣದಂಥದ್ದು, ಇಟ್ಟುಕೊಂಡವನೂ ಅದೃಶ್ಯನಾಗುತ್ತಾನೆ ಎಂದು ಅಲ್ಲಿಯ ಜನ ತಿಳಿದಿದ್ದರು. ಗುಟ್ಟು 1851ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಹಾಫ್‌ಮೈಸ್ಟರ್ ಜರಿಗಿಡದ ಎರಡು ತಲೆಮಾರಿನ ಜೀವನಚಕ್ರವನ್ನು ಬಿಡಿಸಿಟ್ಟಾಗಲೇ ಬಯಲಾಗಿದೆ. ನೋಡಬೇಕೆಂದರೆ ಮನೆಯಲ್ಲೇ ನೋಡಬಹುದು. ಎಲೆಯ ಬೆನ್ನಿನ ಚುಕ್ಕೆ ಹಸಿರು ಕಳೆದು ಕಂದಾದಾಗ, ಆದರೆ ಇನ್ನೂ ಉದುರಿ ಒರಟಾಗುವ ಮೊದಲು, ಒಂದು ಎಸಳು ಕಿತ್ತು ಬಿಳಿ ಕಾಗದದ ಮೇಲೆ ಬೆನ್ನು ಕೆಳಗಾಗಿ ಇಟ್ಟು, ಗಾಳಿ ಬೀಸದ ಕಡೆ ಒಂದೆರಡು ದಿನ ಬಿಡಿ. ಕಾಗದದ ಮೇಲೆ ಚುಕ್ಕೆ ಸಾಲಿನ ಪಡಿಯಚ್ಚು ಕಂದು ಪುಡಿಯಲ್ಲಿ ಮೂಡುತ್ತದೆ. ಹಸಿರು ಚುಕ್ಕೆ ಇಟ್ಟರೆ ಏನೂ ಬೀಳದು. ತೀರಾ ಬಲಿತದ್ದಾದರೆ ಖಾಲಿ ಚೀಲದ ಹೊಟ್ಟು ಮಾತ್ರ ಬೀಳುತ್ತದೆ. ಪುಡಿ ಸುಮ್ಮನೆ ಉದುರಿದ್ದಲ್ಲ, ಎಸೆದದ್ದು. ಚೀಲದ ಬೆನ್ನ ಮೇಲೆ 12-13 ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ ಇರುತ್ತದೆ. ಅದರೊಳಗಿನ ನೀರು ಆರುತ್ತ ಬಂದಂತೆ ಪಟ್ಟಿ ಹಿಂದಕ್ಕೆ ಬಾಗಿ ಚೀಲ ಸೀಳುತ್ತದೆ. ಎಳೆತ ಮಿತಿ ಮೀರಿದಾಗ ಕೋಶಗಳಲ್ಲಿ ಗಾಳಿಗುಳ್ಳೆ ಸಿಡಿದು ಪಟ್ಟಿ ಫಟ್ಟನೆ ಮುಂದಕ್ಕೆ ಬಡಿಯುತ್ತದೆ. ಕವಣೆ ಕಲ್ಲಿನಂತೆ ಬೀಜಕಗಳು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಹಾರುತ್ತವೆ. ಇಷ್ಟು ಬಹಿರಂಗವಾಗಿ ಬೀಜಕ ಬಿತ್ತುವ ಗಿಡವನ್ನು ಗುಟ್ಟಿನದೆನ್ನುವುದು ಹೇಗೆ?

ಗಿಡದ ರೂಪ ನೋಡಿ ಗುಣ ಹೇಳುವ ಈ ಪದ್ಧತಿಯನ್ನು ಹೋಮಿಯೋಪತಿಯ ಮೂಲಪುರುಷ ಹಾನಿಮನ್ ಸ್ವತಃ ಒಪ್ಪಿರಲಿಲ್ಲ. ಚೆಲಿಡೋನಿಯಂನ ಹಳದಿ ಹಾಲು ಕಂಡು ಕಾಮಾಲೆಗೆ ಮದ್ದೆಂದ ಹಳಬರನ್ನು ಅವರು ಟೀಕಿಸಿದ್ದಾರೆ. ವಾಸನೆ, ರುಚಿ, ರೂಪದಿಂದ ಔಷಧದ ಗುಣ ಊಹಿಸಬಾರದೆಂದು ಅವರ ಮೂಲಗ್ರಂಥ ಆರ್ಗನಾನ್‌ನ 110ನೇ ಸೂತ್ರ ಹೇಳುತ್ತದೆ. ಮೆಟೀರಿಯಾ ಮೆಡಿಕಾದಲ್ಲಿ, ಅಂದರೆ ಔಷಧಗಳ ಲಕ್ಷಣ ಬರೆದಿಡುವ ಪುಸ್ತಕದಲ್ಲಿ, ಊಹೆಗೆ, ಕಲ್ಪನೆಗೆ ಜಾಗ ಇರಕೂಡದೆಂದು 144ನೇ ಸೂತ್ರ. ಅವರು ಕೇಳಿದ್ದು ಪ್ರೂವಿಂಗ್: ಆರೋಗ್ಯವಂತರಿಗೆ 30ನೇ ಪೊಟೆನ್ಸಿಯ (ನೂರರಲ್ಲಿ ಒಂದರಂತೆ 30 ಸಲ ತೆಳು ಮಾಡಿದ) 4ರಿಂದ 6 ಸಣ್ಣ ಗುಳಿಗೆಯನ್ನು ತುಸು ನೀರಿನಲ್ಲಿ ತೋಯಿಸಿ, ಬರಿಹೊಟ್ಟೆಯಲ್ಲಿ, ಹಲವು ದಿನ ಕೊಟ್ಟು ಬರೆದಿಡುವುದು. ಇಂದಿನ ದೃಷ್ಟಿಯಲ್ಲಿ ಅದೂ ಸಾಲದು. ಅರ್ಧ ಜನಕ್ಕೆ ಬರಿ ಸಕ್ಕರೆ ಗುಳಿಗೆ ಕೊಟ್ಟು, ಯಾರಿಗೆ ಏನು ಹೋಯಿತೆಂದು ಕೊಟ್ಟವರಿಗೂ ತಿಳಿಯದಂತೆ ಮಾಡದಿದ್ದರೆ ‘ನನಗೆ ಕಾಡಿನ ಕನಸು ಬಿತ್ತು’ ಎಂಬ ಮಾತಿಗೆ ಬೆಲೆಯಿಲ್ಲ. ಗಿಡದ ಹೆಸರು ಮೊದಲೇ ಗೊತ್ತಿದ್ದರೆ ಕಾಡಿನ ಕನಸು ಬೀಳದೇ ಇರುತ್ತದೆಯೇ!

ನಿಜವಾದ ಜರಿಗಿಡದ ಔಷಧವೊಂದು ಹಳೆಯ ಮೆಟೀರಿಯಾ ಮೆಡಿಕಾದಲ್ಲಿದೆ, ಫಿಲಿಕ್ಸ್ ಮಾಸ್. ಡ್ರಯೋಪ್ಟೆರಿಸ್ ಫಿಲಿಕ್ಸ್-ಮಾಸ್ ಎಂಬ ಯುರೋಪಿನ ಗಿಡದ ನೆಲದೊಳಗಿನ ಕಾಂಡದಿಂದ ಬಂದದ್ದು. ಲಾಡಿಹುಳಕ್ಕೆ ಇದು ಅಲೋಪತಿಯಲ್ಲೂ ಬಹುಕಾಲ ಬಳಕೆಯಲ್ಲಿತ್ತು. ಸ್ವಿಟ್ಜರ್ಲೆಂಡಿನ ಮೊರಾ ಊರಿನ ನೂಫೆರ್ ಎಂಬ ವಿಧವೆ ಇದರ ಗುಟ್ಟಿನ ಔಷಧವನ್ನು 1775ರ ಸುಮಾರಿಗೆ ಫ್ರಾನ್ಸಿನ ದೊರೆಗೆ ಆ ಕಾಲದ ನಾಣ್ಯದಲ್ಲಿ 18,000 ಲೀವ್ರ್‌ಗೆ ಮಾರಿದಳು. ಬಿಚ್ಚಿ ನೋಡಿದರೆ ಜರಿಗಿಡದ ಪುಡಿ. ಪ್ರಮಾಣ ಮೀರಿದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಹೋಗುತ್ತಿತ್ತು. ಹುಳ ಹೊರಹಾಕಲು ಭೇದಿಗೆ ಹರಳೆಣ್ಣೆ ಕೊಟ್ಟವರಂತೂ ಕೈಯಾರೆ ಕೆಡಿಸುತ್ತಿದ್ದರು: ಅದರ ವಿಷ ಎಣ್ಣೆಯಲ್ಲಿ ಕರಗಿ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ, ಆದ್ದರಿಂದ ಲವಣದ ಭೇದಿಯನ್ನೇ ಕೊಡಬೇಕಿತ್ತು. ಹೋಮಿಯೋಪತಿಯ ಫಿಲಿಕ್ಸ್ ಮಾಸ್ ಚಿತ್ರವೂ ಇದೇ: ಹುಳ, ಮಲಬದ್ಧತೆ, ಊದಿದ ಗ್ರಂಥಿ, ಒಂದು ಕಣ್ಣಿನ ಮಂಜು. ಮನಸ್ಸಿನ ಬಗ್ಗೆ ಇಲ್ಲವೆನ್ನುವಷ್ಟು ಕಡಿಮೆ. ಜರಿಗಿಡದ ಔಷಧಕ್ಕೆ ಮನಸ್ಸಿಲ್ಲ, ಮನಸ್ಸಿನ ಚಿತ್ರ ತುಂಬಿ ತುಳುಕುವ ಔಷಧ ಜರಿಗಿಡವಲ್ಲ. ಲೇಖನದ ಮನುಷ್ಯ ಹುಟ್ಟಿದ್ದು ಈ ಕೊಡುಕೊಳ್ಳುವಿಕೆಯಿಂದ.

ಲೈಕೊಪೋಡಿಯಂ ಮಾತಿಗೆ ಬರೋಣ. ಅದಕ್ಕೊಂದು ಸ್ವಾರಸ್ಯವಿದೆ. ಹಾನಿಮನ್ ಕಾಲದಲ್ಲಿ ಅದರ ಹಳದಿ ಬೀಜಕದ ಪುಡಿ ಔಷಧ ಅಂಗಡಿಗಳಲ್ಲಿ ಗುಳಿಗೆ ಒಂದಕ್ಕೊಂದು ಅಂಟದಂತೆ ಉದುರಿಸುವ ಪುಡಿಯಾಗಿತ್ತು. ಅದು ನೀರಿಗೆ ನೆನೆಯುವುದಿಲ್ಲ. ಲೋಟದ ನೀರಿನ ಮೇಲೆ ಉದುರಿಸಿ ಬೆರಳು ಅದ್ದಿದರೆ ಬೆರಳು ಒಣಗಿಯೇ ಹೊರಬರುತ್ತದೆ. ಗೋಡೆ ಗಟ್ಟಿ, ಒಳಗೆ ಅರ್ಧದಷ್ಟು ಎಣ್ಣೆ. ಹಾಗೇ ನುಂಗಿದರೆ ನಿಷ್ಕ್ರಿಯ ಎಂದೇ ಎಣಿಕೆ. ಅದಕ್ಕೇ ಹಾಲುಸಕ್ಕರೆಯೊಂದಿಗೆ ಅರೆಯಬೇಕೆಂಬ ವಿಧಿ. ಒಂದು ಗ್ರೇನ್ (ಹಳೆಯ ಸಣ್ಣ ತೂಕ) ಪುಡಿಗೆ 100 ಗ್ರೇನ್ ಹಾಲುಸಕ್ಕರೆ; ಸಕ್ಕರೆಯನ್ನು ಮೂರು ಪಾಲು ಮಾಡಿ, ಮೊದಲ ಪಾಲಿನೊಂದಿಗೆ ಪಿಂಗಾಣಿ ಕಲ್ಬತ್ತಿನಲ್ಲಿ 6-7 ನಿಮಿಷ ಅರೆಯುವುದು, 3-4 ನಿಮಿಷ ತಳ ಕೆರೆಯುವುದು, ಮತ್ತೆ ಅದನ್ನೇ ಇನ್ನೊಮ್ಮೆ. ಮೂರು ಪಾಲು ಮುಗಿಯಲು ಒಂದು ಗಂಟೆ, ಸಿಕ್ಕಿದ್ದು 1ಸಿ, ಅಂದರೆ ನೂರರಲ್ಲಿ ಒಂದು ಪಾಲಿನ ಮೊದಲ ಹಂತ. ಅದರ ಒಂದು ಗ್ರೇನ್ ತೆಗೆದು ಮತ್ತೆ ಒಂದು ಗಂಟೆ, ಮತ್ತೊಂದು ಗಂಟೆ, 3ಸಿ. ಕೆರೆಯುವ ಹೊತ್ತನ್ನು ಉಳಿಸಿದರೆ ಪುಡಿ ತಳಕ್ಕೆ ಅಂಟಿ ಒಡೆಯದ ಬೀಜಕ ಹಾಗೇ ಉಳಿಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಜಾಲರಿ ಗೋಡೆಯ ಇಡೀ ಕಾಳುಗಳು ಕಾಣುತ್ತವೆ. ಕಚ್ಚಾ ಪುಡಿಯಲ್ಲೇ ಕಲಬೆರಕೆ ಇರುವುದೂ ಉಂಟು. ಪೈನ್ ಪರಾಗವಾದರೆ ಕಾಳಿನ ಎರಡು ಪಕ್ಕ ಗಾಳಿಚೀಲ ಇರುತ್ತದೆ, ಪಿಷ್ಟವಾದರೆ ಅಯೋಡಿನ್ ಹನಿಗೆ ಕಡುನೀಲಿಯಾಗುತ್ತದೆ, ಟಾಲ್ಕ್ ಆದರೆ ನೀರಿನ ತಳಕ್ಕೆ ಇಳಿಯುತ್ತದೆ.

ಬಿ.ಫಾರ್ಮಾ ಓದಿದವರಿಗೆ ಒಂದು ಅಂಕಿ ಬಾಯಿಪಾಠ: ಒಂದು ಮಿಲಿಗ್ರಾಂ ಲೈಕೊಪೋಡಿಯಂನಲ್ಲಿ ಸರಾಸರಿ 94,000 ಬೀಜಕ. ಇದನ್ನಿಟ್ಟು ಲೆಕ್ಕ ಹಾಕಿ. ಒಂದು ಗ್ರಾಂ 3ಸಿ ಪುಡಿಯಲ್ಲಿ 94 ಬೀಜಕದಷ್ಟು ದ್ರವ್ಯ. 4ಸಿಯಲ್ಲಿ ಒಂದಕ್ಕೂ ತುಸು ಕಡಿಮೆ. 12ಸಿ ದಾಟಿದರೆ ಒಂದು ಅಣುವೂ ಉಳಿಯುವ ಸಂಭವವಿಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 30ಸಿ ಎಂದರೆ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲಿನಲ್ಲಿ ಒಂದು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಬಹುದಾದ ಆಧಾರ ಯಾವ ಕಾಯಿಲೆಗೂ ಇಲ್ಲವೆಂದು ಹೇಳಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಹೋಮಿಯೋಪತಿ ಔಷಧಾಲಯ ತೆರೆದ ನಾಡು ನಮ್ಮದು. ಜನರಿಗೆ ಅದರ ಮೇಲಿನ ಪ್ರೀತಿ ಅರ್ಥವಾಗುವಂಥದ್ದು. ಅದಕ್ಕೇ ಈ ಮಾತನ್ನು ಮುಚ್ಚಿಡಬಾರದು.

ಮುಚ್ಚಿಟ್ಟರೆ ಆಗುವ ತೊಂದರೆ ಸಣ್ಣದಲ್ಲ. ಲೈಕೊಪೋಡಿಯಂ ಚಿತ್ರದಲ್ಲಿ ‘ಎರಡು ತುತ್ತಿಗೇ ಹೊಟ್ಟೆ ಉಬ್ಬುವುದು, ಬಲಭಾಗದ ನೋವು, ಸಂಜೆ 4ರಿಂದ 8ರವರೆಗೆ ಹೆಚ್ಚುವುದು, ಮೂತ್ರದಲ್ಲಿ ಕೆಂಪು ಮರಳು’ ಎಂದಿದೆ. ಹೊಕ್ಕುಳ ಸುತ್ತ ಶುರುವಾಗಿ ಬಲ ಕೆಳಹೊಟ್ಟೆಗೆ ಸರಿದ ನೋವು ಅಪೆಂಡಿಸೈಟಿಸ್ ಇರಬಹುದು, ಗಂಟೆಗಳ ಲೆಕ್ಕದಲ್ಲಿ ಒಡೆಯಬಹುದು. ವಯಸ್ಸಾದವರಿಗೆ ಹೊಸದಾಗಿ ಎರಡು ತುತ್ತಿಗೇ ಹೊಟ್ಟೆ ತುಂಬತೊಡಗಿದರೆ, ತೂಕವೂ ಇಳಿಯುತ್ತಿದ್ದರೆ, ಎಂಡೋಸ್ಕೋಪಿ ಮಾಡಿಸಬೇಕು. ಮೂತ್ರದ ಬಣ್ಣ ಕೆಂಪಾದರೆ ಅದು ಮರಳೋ ರಕ್ತವೋ ಎಂದು ಪರೀಕ್ಷಿಸಬೇಕು. ರೋಗಿ ಮನೆಯಲ್ಲಿ ಹುಲಿಯೋ ಹೊರಗೆ ಇಲಿಯೋ ಎಂದು ವಿಚಾರಿಸುತ್ತ ಕೂರುವ ಹೊತ್ತಲ್ಲ ಅದು.

ಲೇಖನದ ಕೊನೆಯಲ್ಲಿ ‘ನಮ್ಮ ಸುತ್ತಲಿನ ಜರಿಗಿಡಗಳಿಂದಲೂ ಮೂಲ ಅರ್ಕ ತಯಾರಿಸಬಹುದು’ ಎಂಬ ಸಾಲಿತ್ತು. ಇದಕ್ಕಂತೂ ತಿದ್ದುಪಡಿ ಬೇಕೇ ಬೇಕು. ತೆಳು ಮಾಡದ ಮೂಲ ಅರ್ಕದಲ್ಲಿ (ಮದರ್ ಟಿಂಕ್ಚರ್) ಗಿಡದ ರಸ ನಿಜವಾಗಿಯೂ ಇರುತ್ತದೆ, ವಿಷವೂ ಇರುತ್ತದೆ. ನೀಲಗಿರಿಯಂಥ ಎತ್ತರದ ತೆರೆದ ಇಳಿಜಾರಿನಲ್ಲಿ ಬೆಳೆಯುವ ಬ್ರ್ಯಾಕೆನ್ ಜರಿಗಿಡದಲ್ಲಿ ಟಾಕ್ವಿಲೋಸೈಡ್ ಎಂಬ ಕ್ಯಾನ್ಸರ್‌ಕಾರಕವಿದೆ. ಅದನ್ನು ಮೇಯುತ್ತ ಬಂದ ದನಗಳಿಗೆ ಮೂತ್ರಕೋಶದ ಗೆಡ್ಡೆಯಾಗಿ ರಕ್ತಮೂತ್ರ ಬರುತ್ತದೆ. ಕೊಡಗಿನಲ್ಲಿ ಮಳೆಗಾಲಕ್ಕೆ ಪಲ್ಯ ಮಾಡುವ ತೆರ್ಮೆ ತೊಪ್ಪು ಬೇರೆ ಗಿಡ. ಅದು ತೊರೆಯ ಪಕ್ಕ ಬುಡದಿಂದ ಗುಂಪಾಗಿ ಏಳುತ್ತದೆ, ಬ್ರ್ಯಾಕೆನ್ ಒಣ ಬಯಲಿನಲ್ಲಿ ನೆಲದೊಳಗೆ ಹರಿಯುವ ಕಾಂಡದಿಂದ ಒಂದೊಂದೇ ದಂಟಾಗಿ ದೂರದೂರ ಏಳುತ್ತದೆ. ಎಳೆ ಸುರುಳಿಯಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಗಿಡದ ಬುಡ ನೋಡದೆ ಕೊಯ್ಯಬಾರದು. ಇನ್ನೊಂದು, ಹಳೆಯ ಬಾವಿಯ ಗಾರೆ ಗೋಡೆಯಲ್ಲಿ, ಇಟ್ಟಿಗೆ ಸಂದಿನಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟಾ. ಅದು ಮಣ್ಣಿನಲ್ಲಿರುವ ಆರ್ಸೆನಿಕ್ ಹೀರಿ ಎಲೆಗೆ ತುಂಬಿಕೊಳ್ಳುತ್ತದೆಂದು 2001ರಲ್ಲಿ ಫ್ಲಾರಿಡಾದಲ್ಲಿ ಕಂಡುಹಿಡಿದರು. ಪ್ರಯೋಗದಲ್ಲಿ ಒಣ ಎಲೆಯ ಒಂದು ಕಿಲೋಗೆ 20 ಗ್ರಾಂಗೂ ಮೇಲೆ ಸಿಕ್ಕಿತ್ತು. ಕೊಳಕು ಮಣ್ಣಿನ ಅಂಥ ಗಿಡದ ಅರ್ಕ ಕುಡಿದವರಲ್ಲಿ ತಳಮಳ, ಚಡಪಡಿಕೆ, ಹೊಟ್ಟೆ ಉರಿ ಕಂಡರೆ ಅದನ್ನು ಜರಿಗಿಡದ ಸ್ವಭಾವವೆಂದು ಬರೆದುಕೊಳ್ಳುವವರೂ ಇರುತ್ತಾರೆ.

ತಿದ್ದುಪಡಿ ಹಾಕುವುದಾದರೆ ಚಿತ್ರದ ಅಡಿಬರಹ ‘ನೆಫ್ರೊಲೆಪಿಸ್: ಕುಂಡದಲ್ಲಿ ಬೆಳೆಸುವ ಜರಿಗಿಡ, ಲೇಖನದಲ್ಲಿ ಹೇಳಿದ ಔಷಧದ ಮೂಲವಲ್ಲ’ ಎಂದಿರಲಿ. ಲೈಕೊಪೋಡಿಯಂ ಚಿತ್ರ ಹುಡುಕುವಾಗ, ಜಾತ್ರೆ-ಸಂತೆಗಳಲ್ಲಿ ‘ಸಂಜೀವಿನಿ’ ಎಂದು ಮಾರುವ, ನೀರಿಗೆ ಹಾಕಿದರೆ ಬಿಚ್ಚಿಕೊಳ್ಳುವ ಒಣ ಉಂಡೆಯ ಚಿತ್ರ ಸಿಕ್ಕೀತು. ಅದು ಸೆಲಾಜಿನೆಲ್ಲಾ, ಲೈಕೊಪೋಡಿಯಂನ ಬಳಗ ಹೌದು, ಆ ಗಿಡವಲ್ಲ. ಕಡ್ಡಿಯ ತುದಿಯಲ್ಲಿ ಎರಡು-ಮೂರು ಗದೆಗಳು ಜೋಡಿಯಾಗಿ ನಿಂತಿರುವ ಚಿತ್ರವೇ ಬೇಕು.

ಇಂತಿ,
ಸಸ್ಯಶಾಸ್ತ್ರದ ಓದುಗ, ಶಿವಮೊಗ್ಗ